ಮುಂದಿನ ಸೀಟು

"ಉಸಿರು ಬಿಗಿಹಿಡೀಬೇಡ, ಹೊಟ್ಟೆ ಬಿಡು," ಎನ್ನುತ್ತ ಬುಗುರಿ ದರ್ಜಿಯ ಸೀಟಿನ ಪಟ್ಟಿಯನ್ನು ಎಳೆದು ಬಿಗಿದ. "ಮೇಲೆ ಹೋದ್ಮೇಲೆ ಸಡಿಲ ಆಯ್ತು ಅಂತ ಕಿರುಚಿದ್ರೆ ನಂಗೆ ಕೇಳಿಸಲ್ಲ."

"ನಾನೇ ಹೊಲಿದಿರೋ ಪಟ್ಟಿ ಕಣೋ. ಸಡಿಲ ಆಗಲ್ಲ," ಎಂದ ದರ್ಜಿ.

ಬುಗುರಿ ನಕ್ಕ. ಚಿಕ್ಕಂದಿನಿಂದಲೂ ಒಂದು ಕಡೆ ನಿಂತವನಲ್ಲ, ಅದಕ್ಕೇ ಆ ಹೆಸರು. ಈಗ ಊರಿನವರಿಗೆ ಕಾರು ಓಡಿಸಲು ಕಲಿಸುತ್ತಿದ್ದ. ರಜೆ ಬಂತೆಂದರೆ ಈ ಮುದಿ ವಿಮಾನ. ಎರಡೇ ಸೀಟು, ಒಂದರ ಹಿಂದೊಂದು, ತಲೆಯ ಮೇಲೆ ಬರೀ ಆಕಾಶ. ಓಡಿಸುವವನು ಹಿಂದೆ, ಜೊತೆಗಾರ ಮುಂದೆ. ಎಂಜಿನ್ನಿನ ಅಬ್ಬರದಲ್ಲೂ ಮಾತು ತಲುಪಲೆಂದು ಹಿಂದಿನವನ ಬಾಯಿಂದ ಮುಂದಿನವನ ಟೋಪಿಯ ಕಿವಿಗೆ ಒಂದು ರಬ್ಬರು ಕೊಳವೆ. ಅದು ಒಂದೇ ದಿಕ್ಕಿನದು. ಮುಂದಿನವನು ಏನು ಹೇಳಿದರೂ ಗಾಳಿಪಾಲು.

"ಕೇಳಿಸಿದ್ರೆ ಬಲಗೈ ಎತ್ತು. ಅಷ್ಟೇ ನಿನ್ನ ಕೆಲಸ. ಮನೇಲೂ ಅದನ್ನೇ ತಾನೆ ಮಾಡೋದು?"

ದರ್ಜಿ ಬಲಗೈ ಎತ್ತಿದ. ಇಬ್ಬರೂ ನಕ್ಕರು.

ಏಳು ವರ್ಷದ ಹಿಂದೆ ಯಾರದೋ ಗೋದಾಮಿನಲ್ಲಿ ಇದು ಸಿಕ್ಕಾಗ ಬರೀ ಎಲುಬುಗೂಡು. ಎಂಜಿನ್ನು ಬುಗುರಿಯ ಪಾಲಿಗೆ, ಬಟ್ಟೆ ದರ್ಜಿಯ ಪಾಲಿಗೆ. ಹಳೆಯ ವಿಮಾನದ ರೆಕ್ಕೆ ಎಂದರೆ ಮರದ ಪಕ್ಕೆಗಳ ಮೇಲೆ ಬಿಗಿದು ಹೊಲಿದ ಬಟ್ಟೆ. ಒಬ್ಬನಿಂದ ಆಗುವ ಹೊಲಿಗೆಯಲ್ಲ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ ಆಚೆ ಬುಗುರಿ, ಈಚೆ ದರ್ಜಿ. ಗೇಣುದ್ದದ ಸೂಜಿಯನ್ನು ದರ್ಜಿ ಈಚೆಯಿಂದ ತಳ್ಳಬೇಕು, ಬುಗುರಿ ಆಚೆ ಎಳೆದುಕೊಂಡು ತಿರುಗಿ ತಳ್ಳಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು. "ಬಂತು," ಎನ್ನುತ್ತಿದ್ದ ಬುಗುರಿ ಪ್ರತಿ ಸಲ. "ಬಂತು. ಬಂತು." ಅಂಗಡಿಯ ಗಿರಾಕಿಗಳು ಬೈದುಕೊಂಡು ಬೇರೆ ದರ್ಜಿಗಳನ್ನು ಹುಡುಕಿಕೊಂಡರು. ಒಮ್ಮೆ ಸೂಜಿ ಬುಗುರಿಯ ಹೆಬ್ಬೆರಳಿಗೇ ನಾಟಿದಾಗಲೂ ಆಚೆಯಿಂದ ಬಂದ ಮಾತು ಅದೇ: "ಅಯ್ಯಯ್ಯೋ, ಬಂತು!"

"ಇದು ಎದ್ದ ದಿನ ಮೊದಲು ನಿನ್ನನ್ನೇ ಕೂರಿಸ್ತೀನಿ ಸೂಜಿ. ಆಮೇಲೆ ನಿಂಗೇ ಕಲಿಸ್ತೀನಿ. ಇಬ್ಬರದು ಇದು," ಎಂದಿದ್ದ. ದರ್ಜಿಗೆ ಅವನಿಟ್ಟ ಹೆಸರು ಸೂಜಿ.

ಎದ್ದಿತು. ಆದರೆ ಪರೀಕ್ಷೆಯ ಹಾರಾಟಗಳಲ್ಲಿ ಮುಂದಿನ ಸೀಟಿನಲ್ಲಿ ಕೂತದ್ದು ಮರಳಿನ ಚೀಲ. ಅದನ್ನೂ ದರ್ಜಿಯೇ ದಪ್ಪ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದ. "ನಿನ್ನ ತಮ್ಮ ಕಣೋ. ನಿನಗಿಂತ ಧೈರ್ಯಸ್ಥ, ಒಂದ್ಸಲಾನೂ ವಾಂತಿ ಮಾಡಿಲ್ಲ," ಎಂದು ಬುಗುರಿ ಅದರ ಬೆನ್ನು ತಟ್ಟುತ್ತಿದ್ದ. ಕಳೆದ ವಾರ ಇದ್ದಕ್ಕಿದ್ದಂತೆ ಬಂದು ದರ್ಜಿಯನ್ನು ದಿನಸಿ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡಿದ. ದರ್ಜಿ ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡ. "ನಿಮ್ಮ ಮೈಮೇಲೆ ನಿಮಗಿಲ್ಲದ ಕಾಳಜಿ ಬುಗುರಿಯಣ್ಣನಿಗಾದ್ರೂ ಇದೆಯಲ್ಲ," ಎಂದಿದ್ದಳು. ಇವತ್ತು ಬೆಳಿಗ್ಗೆ ಇಬ್ಬರಿಗೂ ಸಾಕಾಗುವಷ್ಟು ಬುತ್ತಿ ಕಟ್ಟಿದ್ದಳು.

ನೆಲ ಬಿಟ್ಟದ್ದು ದರ್ಜಿಗೆ ತಿಳಿಯಲೇ ಇಲ್ಲ. ಗಡಗಡ ನಿಂತಿತು, ಅಷ್ಟೆ. ಕೆಳಗೆ ಛಾವಣಿಗಳು, ಒಂದು ಸೇತುವೆ, ಹೊಲಗಳ ಮೇಲೆ ಓಡುತ್ತಿದ್ದ ತಮ್ಮದೇ ನೆರಳು. ಆದರೆ ಅವನ ಕಣ್ಣು ಮತ್ತೆ ಮತ್ತೆ ರೆಕ್ಕೆಗೇ ಹೋಗುತ್ತಿತ್ತು. ಬಟ್ಟೆ ಉಸಿರೆಳೆದಂತೆ ಮೇಲಕ್ಕೆ ಉಬ್ಬಿತ್ತು. ಹೊಲಿಗೆ ಒಂದೊಂದೂ ಅದನ್ನು ಪಕ್ಕೆಗೆ ಹಿಡಿದು ನಿಲ್ಲಿಸಿತ್ತು. ಒಂದೂ ಬಿಟ್ಟಿರಲಿಲ್ಲ.

"ಕಾಲ ನಡುವೆ ಕೋಲಿದೆಯಲ್ಲ, ಹಿಡ್ಕೋ," ಎಂದಿತು ಕಿವಿಯ ಕೊಳವೆ. "ಮೆತ್ತಗೆ. ಕತ್ತರಿ ಹಿಡಿದ ಹಾಗೆ. ಹಾಂ... ನಾನು ಕೈಬಿಟ್ಟಿದ್ದೀನಿ. ನೀನೇ ಹಾರಿಸ್ತಿರೋದು. ಕೇಳಿಸ್ತಾ?"

ಬಲಗೈಯಲ್ಲಿ ಕೋಲಿತ್ತು. ದರ್ಜಿ ಎಡಗೈ ಎತ್ತಿದ. ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ ಎಂದುಕೊಂಡ.

ಬೇರೊಂದು ಊರಿನ ಹುಲ್ಲುಬಯಲಿನಲ್ಲಿ ಇಳಿದರು. ಹೊಸದಾಗಿ ಬಣ್ಣ ಬಳಿದ ಶೆಡ್ಡಿನ ಮುಂದೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಕಾಯುತ್ತಿದ್ದರು. ಹಲ್ಲಿನ ಡಾಕ್ಟ್ರು, ಗುರುತಿನವರು ಎಂದ ಬುಗುರಿ. ಡಾಕ್ಟ್ರು ವಿಮಾನದ ಸುತ್ತ ನಿಧಾನವಾಗಿ ಬಂದರು, ಅಲ್ಲಲ್ಲಿ ಬೆರಳ ತುದಿಯಿಂದ ರೆಕ್ಕೆಯನ್ನು ತಟ್ಟಿ ಕಿವಿಗೊಟ್ಟರು. ಆಮೇಲೆ ಇನ್ನೂ ಪಟ್ಟಿ ಬಿಚ್ಚದೆ ನಗುತ್ತ ಕೂತಿದ್ದ ದರ್ಜಿಯನ್ನು ನೋಡಿದರು.

"ಇವರೇನಾ ಆ ತೂಕ?"

ಬುಗುರಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಎಷ್ಟು ಕೆಜಿ?"

"ಅರವತ್ತೆಂಟು," ಎಂದ ಬುಗುರಿ, ತಲೆ ಎತ್ತದೆ.

"ಸರಿ ಹಾಗಾದ್ರೆ. ಇಬ್ಬರನ್ನ ಹೊತ್ಕೊಂಡು ಅಲ್ಲಿಂದ ಇಲ್ಲಿಗೆ ಬಂತಲ್ಲ, ನನಗೆ ಅಷ್ಟೇ ಬೇಕಿದ್ದದ್ದು. ಇನ್ನು ಶೆಡ್ಡಿಗೆ ತಳ್ಳೋಣ. ಬಟ್ಟೆ ಕೆಲಸ ಯಾರದು? ಚೆನ್ನಾಗಿದೆ."

"ನಮ್ಮ ಟೈಲರದು. ಎಲ್ಲಾದ್ರೂ ಹರಿದ್ರೆ ಹೇಳಿ ಸಾರ್, ಕಳಿಸಿಕೊಡ್ತೀನಿ."

ಪಟ್ಟಿಯ ಕೊಂಡಿ ಬಿಚ್ಚಲು ದರ್ಜಿಗೆ ಬಹಳ ಹೊತ್ತು ಹಿಡಿಯಿತು. ತಾನೇ ಹೊಲಿದದ್ದು, ಸಡಿಲವಾಗುವಂಥದ್ದಲ್ಲ.

ಶೆಡ್ಡಿನ ಹಿಂದೆ ಒಂದು ನಲ್ಲಿ ಇತ್ತು. ಬುಗುರಿ ಮುಖ ತೊಳೆಯುತ್ತಲೇ ಇದ್ದ.

"ಮಾರಿಬಿಟ್ಟೆಯಾ?"

"ಕಣ್ಣಿನ ಡಾಕ್ಟ್ರು ಇನ್ನು ಲೈಸೆನ್ಸಿಗೆ ಸಹಿ ಹಾಕಲ್ಲ ಅಂದ್ರು ಕಣೋ. ಈ ತಿಂಗಳೇ ಕೊನೆ. ನಾನು ಹಾರಿಸೋಕಾಗದ್ದನ್ನ ದಿನಾ ನೋಡ್ಕೊಂಡು ಹೆಂಗೆ ಇರಲಿ?"

"ನಾನು ಕಲೀತಿದ್ದೆ. ನಿನ್ನನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ."

ಬುಗುರಿ ನಲ್ಲಿ ನಿಲ್ಲಿಸಿದ. ಅದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ಒದ್ದೆ ಮುಖದ ಮೇಲೆ ಕಾಣುತ್ತಿತ್ತು. ದರ್ಜಿ ಅಲ್ಲಿಂದ ಕಣ್ಣು ತೆಗೆದ.

"ಚೀಲಾನೇ ತರಬಹುದಿತ್ತಲ್ಲೋ."

"ತಗೊಳ್ಳೋನು ಚೀಲ ಆಗಲ್ಲ ಅಂದ. ಜೀವ ಇರೋ ಮನುಷ್ಯ ಕೂತು ಬಂದ್ರೇನೇ ನಂಬಿಕೆ ಅಂದ. ನಿಂಗೆ ಹೇಳಿದ್ರೆ ನೀನು ಬರ್ತಿದ್ಯಾ?"

"ಅದಕ್ಕೆ ಹೇಳಲಿಲ್ಲ ನೀನು."

"ಹೆಂಗಿದ್ರೂ ಕೂರಿಸ್ತೀನಿ ಅಂದಿದ್ದೆ, ಕೂರಿಸಿದೆ. ಕೋಲೂ ಕೊಟ್ಟೆ. ಸುಳ್ಳೇನು ಹೇಳಿದೆ ನಾನು?"

ದರ್ಜಿ ಟೋಪಿ ತೆಗೆದು, ಕಿವಿಯ ಹತ್ತಿರ ಎದ್ದಿದ್ದ ಒಂದು ಎಳೆಯನ್ನು ಹಲ್ಲಿನಿಂದ ಕಚ್ಚಿ ತೆಗೆದು, ಶೆಡ್ಡಿನೊಳಗೆ ಹೋಗಿ ಮುಂದಿನ ಸೀಟಿನ ಮೇಲೆ ಇಟ್ಟುಬಂದ.

ವಾಪಸಿಗೆ ಬಸ್ಸು. ಬುಗುರಿಯೇ ಎರಡು ಟಿಕೆಟ್ಟು ತೆಗೆಸಿ, ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆ ಜಾಗ ಬಿಟ್ಟು ಕೂತು ಅದನ್ನು ಕೈಯಿಂದ ಒರೆಸಿದ. ದರ್ಜಿ ಅದನ್ನು ದಾಟಿ ಹೋಗಿ ಬಾಗಿಲ ಸಾಲಿನ ಒಂಟಿ ಸೀಟಿನಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸೀಟು ಕಿರುಗುಟ್ಟಿತು.

ಹೊಲಗಳು ಈಗ ಕಣ್ಣಿನ ಎತ್ತರದಲ್ಲೇ ಇದ್ದವು. ಪ್ರತಿ ಗುಂಡಿಯೂ ಬೆನ್ನಿಗೆ ತಿಳಿಯುತ್ತಿತ್ತು.

"ಸೂಜಿ," ಎಂದಿತು ಹಿಂದಿನ ಧ್ವನಿ, ಬಹಳ ಹತ್ತಿರದಿಂದ. "ಹಸಿವಾಗ್ತಿದೆ ಕಣೋ. ಬುತ್ತಿ ಬಿಚ್ಚೋಣ್ವಾ?"

ಬಸ್ಸು ಗೇರು ಬದಲಿಸಿತು.

"ಲೋ. ಕೇಳಿಸ್ತಾ?"

ಒಂದೊಂದು ಅಕ್ಷರವೂ ಕೇಳಿಸಿತ್ತು. ದರ್ಜಿ ತೊಡೆಯ ಮೇಲಿನ ಬುತ್ತಿಯನ್ನು ಸ್ವಲ್ಪ ಎತ್ತಿ, ಬಲಗೈಯನ್ನು ಅದರ ಕೆಳಗೆ ಇಟ್ಟು, ಮತ್ತೆ ಇಳಿಸಿದ. ಇಬ್ಬರಿಗೆ ಕಟ್ಟಿದ್ದು, ಭಾರವಾಗಿತ್ತು.