ಸಳಿ ಅಂದರೆ ಚಳಿಯಲ್ಲ

ಅಕ್ಷರ ಬಾರದ ಹುಚ್ಚಮ್ಮ ತಮಿಳರ ಊರಾದ ರಾಯಪುರಂನ ಗೋಡೆಗಳನ್ನೆಲ್ಲ ಓದುತ್ತಿದ್ದಳು. ಹತ್ತು ಹೆಜ್ಜೆ ನಡೆದು ಸಿನಿಮಾ ಪೋಸ್ಟರಿನ ಮುಂದೆ, ಇನ್ನು ಹತ್ತು ಹೆಜ್ಜೆಗೆ ಯಾರದೋ ಸಾವಿನ ಪೋಸ್ಟರಿನ ಮುಂದೆ, ಸೊಂಟಕ್ಕೆ ಕೈಯಿಟ್ಟು, ಕತ್ತು ಓರೆ ಮಾಡಿ, ಅಲ್ಲಿ ತನ್ನ ನೆಂಟರ ಹೆಸರೇನೋ ಅಚ್ಚಾಗಿದೆಯೆಂಬಂತೆ ನಿಂತುಬಿಡುವಳು. ತನ್ನ ಏದುಸಿರನ್ನು ಬೀದಿಯವರು ನೋಡಬಾರದೆಂಬ ಹಟ. ಮಗಳು ಗುಣವತಿ ಸುಮ್ಮನಿರುವವಳಲ್ಲ.

“ಏನಮ್ಮಾ, ಇವತ್ತೇ ಬಿ.ಎ. ಪಾಸು ಮಾಡ್ತೀಯಾ?”

“ನೀನು ಓದಿ ಕಿತ್ತಾಕಿದ್ದು ಗೊತ್ತೈತೆ, ನಡಿಯೇ.”

ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ. ಬಂದರಿನ ಕಲ್ಲಿದ್ದಲಿನ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಪೊರಕೆ ಹಿಡಿದ ಕಾಲದಿಂದ ಮೈಗಂಟಿದ ಅಂಗಿ. ಕೆಲಸ ಬಿಟ್ಟರೂ ಅದು ಬಿಡಲಿಲ್ಲ, ಜೇಬಿನಲ್ಲಿ ಈಗ ಉಸಿರಿನ ಪಂಪು. ಶ್ವಾಸಕೋಶದ ಹಳೇ ವ್ಯಾಧಿಯೆಂದು ಚೀಟಿ ಬರೆದವರೆಲ್ಲ ಮೊದಲು ಕೇಳಿದ್ದು, ದಿನಕ್ಕೆ ಬೀಡಿ ಎಷ್ಟು ಎಂದು. “ಬೀಡಿ ಮುಟ್ಟಿದೋಳಲ್ಲ ನಾನು. ಇದ್ದಲು ಸೇದಿದೀನಿ, ಬರ್ಕೊಳಪ್ಪಾ” ಎಂದು ಅವಳು ಗುಡುಗಿದರೂ, ಚೀಟಿಯಲ್ಲಿ ಇದ್ದಲಿಗೆ ಜಾಗವಿರಲಿಲ್ಲ.

ಈ ರೋಗದ ಉಲ್ಬಣವೆಂಬುದು ಹೇಳದೆ ಕೇಳದೆ ಬರುವುದಲ್ಲ. ಹುಚ್ಚಮ್ಮನಿಗಂತೂ ಎರಡು ದಿನ ಮುಂಚಿತವಾಗಿ ತಿಳಿಯುತ್ತಿತ್ತು. ಕಫ ಹೆಚ್ಚಿ ಹಸಿರಾಯಿತೆಂದರೆ ಮೂರನೆಯ ದಿನ ಉಸಿರು ಕಟ್ಟುತ್ತದೆ. ಕಟ್ಟಿದಾಗಲೆಲ್ಲ ಎದೆಯ ಒಂದಿಷ್ಟು ಶಕ್ತಿ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಹೋದ ವರ್ಷ ಎರಡು ಸಲ ಕಟ್ಟಿತ್ತು. ಮೂರನೆಯ ಮಹಡಿಯ ಒಂಟಿ ಕೋಣೆಗೆ ಒಂದೇ ದಮ್ಮಿಗೆ ಹತ್ತುತ್ತಿದ್ದವಳು ನಾಲ್ಕು ಕಡೆ ಕೂತು ಹತ್ತುವಂತಾಗಿದ್ದಳು. ಇನ್ನೊಂದು ಸಲ ಕಟ್ಟಿದರೆ ಆ ಮೆಟ್ಟಿಲು ತನ್ನದಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಮೇ ತಿಂಗಳ ಆ ಬೆಳಿಗ್ಗೆ, ಕಫ ಹಸಿರಾದ ಮರುದಿನವೇ, ಆಸ್ಪತ್ರೆಯ ಸಾಲಿನಲ್ಲಿ ಹೋಗಿ ನಿಂತಳು.

ಅಂದು ಕುರ್ಚಿಯಲ್ಲಿದ್ದವಳು ದಾವಣಗೆರೆ ಕಡೆಯಿಂದ ಅದೇ ವಾರ ಬಂದಿದ್ದ ಡಾಕ್ಟರ್ ಪ್ರೇರಣಾ. ತಮಿಳು ಬಾರದೆ ಬೆವರುತ್ತಿದ್ದ ಹುಡುಗಿಗೆ ಹುಚ್ಚಮ್ಮನ ಬಾಯಲ್ಲಿ ಕನ್ನಡ ಕೇಳಿ ಜೀವ ಬಂದಂತಾಯಿತು.

“ಅಯ್ಯೋ ಅಜ್ಜಿ, ಕನ್ನಡದೋರಾ! ಹೇಳಿ, ಏನಾಗ್ತಿದೆ?”

“ಸಳಿ ಜಾಸ್ತಿ ಆಗೈತೆ ಕಣಮ್ಮ. ನೆನ್ನೆಯಿಂದ.”

“ಚಳಿನಾ? ತುಂಬಾನಾ?”

“ತುಂಬಾ. ಕೂತ್ರೆ ನಿಂತ್ರೆ ಅದೇ.”

ಹುಚ್ಚಮ್ಮನ ಅಪ್ಪ ಅಮ್ಮ ಕೋಲಾರದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ರಾಯಪುರಂನಲ್ಲೇ. ಅವರ ಮನೆಯ ಕನ್ನಡದಲ್ಲಿ ಮೈ ನಡುಗಿದರೆ ಕುಳಿರು. ಸಳಿಯೆಂದರೆ ತಮಿಳರಿಗೆ ಹೇಗೋ ಅವಳಿಗೂ ಹಾಗೆ, ಕಫ. ಓದಿದವರ ನಾಲಿಗೆ ಸಳಿಯನ್ನು ಚಳಿ ಅನ್ನುತ್ತದೇನೋ ಅಂದುಕೊಂಡು ತಲೆಯಾಡಿಸಿದಳು. ಹಿಂದೆ ನೂರು ಜನ ನೂಕುತ್ತಿದ್ದರು. ಬೆನ್ನಿಗೆ ಉಸಿರು ಕೇಳುವ ಕೊಳವೆ ಇಡಲಿಲ್ಲ, ಬಾಯಿ ತೆಗೆಸಲಿಲ್ಲ. ಜ್ವರದ ಮಾತ್ರೆ ಬರೆದು, “ಬೆಚ್ಚಗೆ ಹೊದ್ಕೊಂಡು ಮಲಗಿ ಅಜ್ಜಿ” ಎಂದಳು ಪ್ರೇರಣಾ. ಬೀದಿಯ ಡಾಂಬರು ಕರಗುವ ಬಿಸಿಲಿನಲ್ಲಿ ಹುಚ್ಚಮ್ಮ ಕಂಬಳಿ ಹೊದ್ದಳು. ಡಾಕ್ಟರ್ ಹೇಳಿದ್ದಾರಲ್ಲ!

ಮೂರನೆಯ ದಿನ ತುಟಿ ನೀಲಿಗಟ್ಟಿ, ಆಟೋದಲ್ಲಿ ಮಗಳ ತೊಡೆಯ ಮೇಲೆ ಮಲಗಿ, ಅದೇ ಆಸ್ಪತ್ರೆಗೆ ಬಂದಳು. ಹನ್ನೊಂದು ದಿನ ಮುಖಕ್ಕೆ ಆಕ್ಸಿಜನ್, ಕೈಗೆ ಡ್ರಿಪ್ಪು. ನಾಲ್ಕು ದಿನದ ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಕಾಯಿಲೆ ಒಂದು ಹಾಸಿಗೆಯನ್ನು ಹನ್ನೊಂದು ದಿನ ಹಿಡಿದಿತ್ತು. ಆ ಹಾಸಿಗೆಗಾಗಿ ಅಂಥದೇ ಎದೆಯ ಇನ್ನೊಬ್ಬಳು ಕೆಳಗೆ ಚಾಪೆಯ ಮೇಲೆ ಏದುತ್ತಿದ್ದಳು.

ಐದನೆಯ ದಿನ ಪ್ರೇರಣಾ ವಾರ್ಡಿಗೆ ಬಂದಾಗ ಹುಚ್ಚಮ್ಮ ಮಗಳಿಗೆ ಹೇಳುತ್ತಿದ್ದಳು: “ಸಳಿ ಬತ್ತೈತೆ, ಡಬ್ಬ ಹಿಡಿಯೇ.” ಉಗುಳಿದ್ದನ್ನು ನೋಡಿದ ಹುಡುಗಿಯ ಮುಖ ಬಿಳಿಚಿತು.

“ಅಜ್ಜಿ... ಅವತ್ತು ನೀವು ಹೇಳಿದ್ದು ಕಫಾನಾ? ನಾನು ಚಳಿ ಅಂದ್ಕೊಂಡೆ. ಕ್ಷಮಿಸಿ.”

ಕಣ್ಣಲ್ಲಿ ನೀರು ಬೇರೆ. ಹುಚ್ಚಮ್ಮ ಆಕ್ಸಿಜನ್ ಮಾಸ್ಕನ್ನು ಕಿತ್ತು ಕೆಳಗೆಳೆದಳು.

“ಅಳಬ್ಯಾಡ. ನೀನು ಅತ್ರೆ ನನ್ನ ಎದೆ ಬಿಟ್ಕೊಂತದಾ? ನಿಂಗೆ ಮಾತು ತಿಳೀಲಿಲ್ಲ, ಆಯ್ತು. ಉಗುಳು ಅಂದಿದ್ರೆ ಉಗುಳ್ತಿದ್ನಲ್ಲೇ! ಹಸಿರು ಕಾಣಕ್ಕೂ ಕನ್ನಡ ಬೇಕಾ?”

ಚಾಪೆಯ ಮೇಲಿದ್ದವಳು, ಕನ್ನಡ ಬಾರದಿದ್ದರೂ ದನಿ ತಿಳಿದು, ಕೆಳಗಿನಿಂದ ತಮಿಳಿನಲ್ಲಿ “ಹಂಗೆ ಕೇಳಕ್ಕಾ” ಎಂದಳು.

ಹುಚ್ಚಮ್ಮ ಬದುಕಿ ಬಂದಳು. ಮೂರನೆಯ ಮಹಡಿಗೆ ಮಾತ್ರ ಬರಲಿಲ್ಲ. ಗುಣವತಿ ಕೆಳಗಿನ ಮೀಟರು ಪೆಟ್ಟಿಗೆಗಳ ಪಕ್ಕ, ಮೆಟ್ಟಿಲಡಿಯ ಸಂದಿನಲ್ಲಿ, ಅವಳಿಗೆ ಹಾಸಿಗೆ ಹಾಸಿದಳು. ಮೇಲಿನ ಮನೆಯ ಒಗ್ಗರಣೆಯ ವಾಸನೆ ಕೆಳಗಿಳಿದು ಬರುವುದು, ಇವಳು ಹತ್ತಿಹೋಗುವಂತಿಲ್ಲ.

ಇಂಥ ಹೆಂಗಸರು ತಮ್ಮ ರೋಗವನ್ನು ಒಲೆಯ ಮೇಲಿನ ಹಾಲಿನಂತೆ ಕಾಯುತ್ತಾರೆ; ಉಕ್ಕುವ ಮೊದಲೇ ಓಡಿಬಂದು ಹೇಳುತ್ತಾರೆ. ಸ್ವಂತ ಕಾಲಿನ ಮೇಲೆ ನಡೆದುಬಂದರಲ್ಲ, ಇವರಿಗೇನಾಗಿದೆ ಎಂದು ಎರಡು ನಿಮಿಷದಲ್ಲಿ ಸಾಗಹಾಕಿ, ತುಟಿ ನೀಲಿಯಾದ ಮೇಲೆ, “ಮೊದಲೇ ಬರಬಾರದಿತ್ತೇ?” ಎಂದು ಅವರನ್ನೇ ಬೈಯುವ ಲೋಕ ಇದು. ಅವರು ಮೊದಲೇ ಬಂದಿದ್ದರು.