ವೆರಾನ ಬೆನ್ನು

ಪ್ರತಿ ವರ್ಷ ನಮ್ಮ ಕಡೆಯ ಡಿಸೆಂಬರಿನ ಬೇಸಗೆಯಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ಒಂದು ಭಾನುವಾರ, ನನ್ನ ಅಜ್ಜ ಓವಿಡಿಯೊ ಬೆರ್ತೋನಿ ತಾನು ಯೌವನದಲ್ಲಿ ಹೊಡೆದ ಒಂದು ಗೋಲನ್ನು ಮತ್ತೆ ಹೊಡೆಯುತ್ತಾನೆ. ಊರಿಗೆ ಊರೇ ಕ್ಲಬ್ಬಿನ ಅಂಗಳದಲ್ಲಿ ಸೇರುತ್ತದೆ. ಎಡಗಡೆಯಿಂದ ಒಬ್ಬರು ಚೆಂಡು ಎಸೆಯುತ್ತಾರೆ, ಅಜ್ಜ ಮುಂದಕ್ಕೆ ಹಾರಿ ತಲೆಯಿಂದ ಅದನ್ನು ಬಲೆಯೊಳಕ್ಕೆ ಕಳಿಸುತ್ತಾನೆ, ಜನ ಅದೇ ಮೊದಲ ಸಲ ನೋಡಿದವರ ಹಾಗೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ ಈಗ ಹಾರುವುದಿಲ್ಲ. ನೆಲಕ್ಕೆ ಹಾಸಿದ ಹಾಸಿಗೆಯ ಮೇಲೆ ಬಾಗಿ ಬೀಳುತ್ತಾನೆ ಅಷ್ಟೆ. ಆ ಹಾಸಿಗೆ ಯಾರ ಮನೆಯಿಂದ ಬರಬೇಕು ಎಂಬುದಕ್ಕೂ ನಮ್ಮಲ್ಲಿ ಪೈಪೋಟಿ ಉಂಟು.

ಆ ಗೋಲಿಗೆ ಮುಂಚೆ ಅಜ್ಜ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ. ಪರಾನಾ ನದಿಯ ಕೆಳದಂಡೆಯ ನಮ್ಮ ಕ್ಲಬ್ಬಿಗೆ ಭಾನುವಾರ ಆಡುತ್ತಿದ್ದ. ಉದ್ದ ಕಾಲು, ಉದ್ದ ಕತ್ತು ನೋಡಿ ಎಲ್ಲರೂ ಕೊಕ್ಕರೆ ಎಂದು ಕರೆಯುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ. ಮೇಲ್ದಂಡೆಯ ಕ್ಲಬ್ಬಿನ ಎದುರು ನಮ್ಮೂರಲ್ಲೇ ಆಡಿದ ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ಆ ಗೋಲು ಬಿತ್ತು. ಪಂದ್ಯ ನೋಡಲು ಬಂದಿದ್ದ ರಾಜಧಾನಿಯ ತಂಡದವರು ಅವನನ್ನು ಬುಯೆನೋಸ್ ಐರೆಸ್‌ಗೆ ಕರೆದೊಯ್ದರು. ಅಲ್ಲಿ ಮೊದಲು ಎರಡನೇ ದರ್ಜೆಯ ಫಾರ್ವರ್ಡ್, ಆಮೇಲೆ ಮೊದಲ ದರ್ಜೆ. ಆಮೇಲೆ ಬೊಲಿವಿಯಾದ ಬೆಟ್ಟದ ಮೇಲೆ, ಓಡಿದರೆ ಉಸಿರೇ ಸಿಗದ ಊರಿನ ತಂಡ. ಆಮೇಲೆ ಮೊಣಕಾಲಿನ ಆಪರೇಷನ್, ಆಮೇಲೆ ಮನೆ. ಹೊರಗೆ ಎಷ್ಟೋ ಒಳ್ಳೆಯ ಗೋಲು ಹೊಡೆದನಂತೆ. ಊರು ಅವುಗಳ ಸುದ್ದಿಯನ್ನೇ ಕೇಳಲಿಲ್ಲ. ಊರಿಗೆ ಒಂದೇ ಗೋಲು ಸಾಕಾಗಿತ್ತು. ನಾವು ಮಲಗುವ ಮನೆ, ಅಜ್ಜ ಗಾಳ ಮತ್ತು ಬಲೆ ಮಾರುವ ಅಂಗಡಿ, ಅಮ್ಮನ ಓದು, ಎಲ್ಲವೂ ಆ ಒಂದು ಗೋಲಿನ ಹೊಟ್ಟೆಯಿಂದ ಹುಟ್ಟಿದವು.

ನನಗೆ ಅದನ್ನು ಕಥೆ ಮಾಡಿ ಹೇಳಿದವಳು ಅಜ್ಜಿ. ಅವಳ ಕಥೆಯಲ್ಲಿ ನದಿಗೆ ಒಬ್ಬಳು ಒಡತಿ ಇದ್ದಳು. ತೇಲುವ ಅಂತರಗಂಗೆಯ ದ್ವೀಪಗಳ ಮೇಲೆ ಕೂತು ಹರಿವಿನ ಜೊತೆ ಬರುತ್ತಿದ್ದಳು. ಆ ದಿನ ಅವಳು ನೀರಿನಿಂದೆದ್ದು ಮೈದಾನಕ್ಕೆ ಬಂದಳಂತೆ, ಒದ್ದೆ ಕೈ ಚಾಚಿ ಮೇಲ್ದಂಡೆಯ ಡಿಫೆಂಡರ್ ನಿಕಾಸಿಯೊ ವೆರಾನ ಕಾಲು ಹಿಡಿದು ಎಳೆದಳಂತೆ. ಅವನು ಮಕಾಡೆ ಬಿದ್ದ, ಅಜ್ಜನಿಗೆ ದಾರಿ ತೆರೆಯಿತು. ಚಿಕ್ಕವಳಿದ್ದಾಗ ನಾನು ದಂಡೆಯಲ್ಲಿ ಕೂತು ಆ ಕೈ ಕಂಡೀತೇ ಎಂದು ನೋಡುತ್ತಿದ್ದೆ. ಒಂದೆರಡು ಸಲ ಕಂಡಿತ್ತು ಕೂಡ.

ಊರಿನವರಿಗೆ ಒಡತಿ ಬೇಕಿರಲಿಲ್ಲ, ಬಿದ್ದ ವೆರಾ ಸಾಕಿತ್ತು. ಬಿದ್ದವನು ಎದ್ದು, ರೆಫರಿಯ ಅಂಗಿ ಹಿಡಿದು, ತಳ್ಳಿದ, ತಳ್ಳಿದ ಎಂದು ಅತ್ತನಂತೆ. ಯಾರೂ ನಂಬಲಿಲ್ಲ. ಅವನ ಕ್ಲಬ್ಬೇ ಅವನನ್ನು ಹೊರಗೆ ಹಾಕಿತು. ಅಂದಿನಿಂದ ನಮ್ಮಲ್ಲಿ ಗೋಲಿಯಾಟದಲ್ಲಿ ಸೋತು ಅತ್ತ ಮಗುವಿಗೂ, ಇಸ್ಪೀಟಿನಲ್ಲಿ ಗೊಣಗಿದ ಮುದುಕನಿಗೂ ಒಂದೇ ಮಾತು: ವೆರಾ ಥರ ಅಳಬೇಡ. ಭಾನುವಾರದ ಆಟದಲ್ಲೂ ಹಾಗೆ. ಕಟುಕ ಅನ್ಸೆಲ್ಮೊ ಪ್ರತಿ ವರ್ಷ ಹೆಂಗಸರ ವಿಗ್ ಹಾಕಿಕೊಂಡು ವೆರಾ ಆಗುತ್ತಾನೆ. ಅಂಗಾತ ಬಿದ್ದ ಜಿರಲೆಯ ಹಾಗೆ ಕಾಲು ಬಡಿಯುತ್ತಾ, ತಳ್ಳಿದ ಎಂದು ಕೂಗುತ್ತಾನೆ. ನಿಜ ಹೇಳಬೇಕೆಂದರೆ ಗೋಲಿಗಿಂತ ಜನ ಅದಕ್ಕೇ ಹೆಚ್ಚು ಕಾಯುತ್ತಾರೆ.

ಈ ವರ್ಷ ಕ್ಲಬ್ಬಿನ ಕಾರ್ಯದರ್ಶಿ ಲಿಸಾಂದ್ರೊಗೆ ಹೊಸದೊಂದು ಹೊಳೆಯಿತು. ಭಾನುವಾರ ಬೆಳಿಗ್ಗೆ ಅವನೇ ಮನೆಗೆ ಬಂದು, ಅಜ್ಜ ಕೊಟ್ಟ ಮಾಟೆಯ ಕಷಾಯವನ್ನು ಕೊಳವೆಯಲ್ಲಿ ಹೀರುತ್ತಾ ಸುದ್ದಿ ಹೇಳಿದ. ಅಸಲಿ ವೆರಾನನ್ನೇ ಹುಡುಕಿದ್ದಾನಂತೆ. ನದಿಯ ಕೆಳಗಿನ ಊರಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದಾನಂತೆ. ಕರೆದ ಕೂಡಲೇ ಒಪ್ಪಿಕೊಂಡನಂತೆ.

"ನಿಮಗೆ ಉಡುಗೊರೆ ಅಂದ್ಕೊಳಿ, ಕೊಕ್ಕರೆ. ಇಷ್ಟು ವರ್ಷ ನಕಲಿ ವೆರಾನ ದಾಟಿದ್ರಿ, ಇವತ್ತು ಒರಿಜಿನಲ್ಲು."

ಲಿಸಾಂದ್ರೊ ಹೋದ ಮೇಲೆ ಅಜ್ಜ ಹಿತ್ತಲಿಗೆ ಹೋಗಿ, ನೀರು ಹಾಕಿದ ಗಿಡಗಳಿಗೇ ಮತ್ತೆ ನೀರು ಹಾಕುತ್ತಾ ನಿಂತ.

ಅಡುಗೆಮನೆಯಲ್ಲಿ ಅಜ್ಜಿ ಸಂಜೆಗೆಂದು ಹಿಟ್ಟು ನಾದುತ್ತಿದ್ದಳು. ಅಜ್ಜನಿಗೆ ಯಾಕೆ ಖುಷಿಯಾಗಲಿಲ್ಲ ಎಂದು ಕೇಳಿದೆ. ಹಿಟ್ಟಿನಿಂದ ಕೈ ತೆಗೆಯದೆ, ನನ್ನ ಕಡೆ ತಿರುಗದೆ ಹೇಳಿದಳು.

"ತಳ್ಳಿದ್ದು ನಿಜ ಕಣೇ, ಕ್ಯಾಂಡೆಲಾ."

ನದಿಯ ಒಡತಿ ಎಂದು ನಾನು ಶುರು ಮಾಡಿದೆ. ನನಗೀಗ ಇಪ್ಪತ್ತು ದಾಟಿದೆ, ಆದರೂ ಬಾಯಿಗೆ ಬಂದದ್ದು ಅದೇ.

"ಯಾವ ಒಡತಿಯೂ ಇಲ್ಲ. ಗೋಲಿನ ಹಿಂದೇನೇ ಕೂತಿದ್ದೆ ನಾನು. ನಿನ್ನಜ್ಜನ ಕೈ ಅದು. ಕಣ್ಣಾರೆ ಕಂಡೆ. ಆಮೇಲೆ ಅದೇ ಕೈ ಹಿಡಿದು ಮದುವೆಯಾದೆ. ಏನಾದ್ರೂ ಒಂದು ಕಥೆ ಕಟ್ಟಿಕೊಳ್ದೆ ಹೇಗೆ ಬದುಕೋದು ಹೇಳು."

ಅಜ್ಜ ಇದನ್ನು ಅವಳ ಹತ್ತಿರವೂ ಬಾಯಿಬಿಟ್ಟು ಹೇಳಿಲ್ಲವಂತೆ, ಅವಳೂ ಕೇಳಿಲ್ಲವಂತೆ. ಇವತ್ತು ಆ ಮನುಷ್ಯನೇ ಎದುರು ಬಂದು ನಿಂತು, ಊರೆಲ್ಲ ನಗುವಾಗ ಮತ್ತೊಮ್ಮೆ ಬಿದ್ದರೆ, ಅಜ್ಜ ಅವನನ್ನು ದಾಟಿ ಹೋಗಿ ಚೆಂಡಿಗೆ ತಲೆ ಕೊಟ್ಟರೆ, ಆಮೇಲೆ ಈ ಮನೆಯಲ್ಲಿ ಉಣ್ಣುವುದು ಹೇಗೆ ಎಂದಳು. ಬಾಯಿ ಬಿಟ್ಟರೆ ಈ ಊರಲ್ಲಿ ಉಣ್ಣುವುದು ಹೇಗೆ ಎಂದೂ ಅವಳೇ ಹೇಳಿದಳು. ನಾನು ಕಿಟಕಿಯಿಂದ ಅಜ್ಜನನ್ನು ನೋಡಿದೆ. ಕೊಡದಲ್ಲಿ ನೀರು ಮುಗಿದಿತ್ತು. ಅವನು ಖಾಲಿ ಕೊಡವನ್ನೇ ಬಗ್ಗಿಸುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಕ್ಲಬ್ಬಿನ ಅಂಗಳ ತುಂಬಿತ್ತು. ಕೆಂಡದ ಮೇಲೆ ಪಕ್ಕೆಲುಬಿನ ಮಾಂಸ ಬೇಯುತ್ತಿತ್ತು. ವೆರಾ ಗೇಟಿನ ಬಳಿ ನಿಂತಿದ್ದರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕತ್ತಿನ ತನಕ ಹಾಕಿದ ಗುಂಡಿ, ಕೈಯಲ್ಲಿ ದಾರ ಕಟ್ಟಿದ ಮಿಠಾಯಿ ಡಬ್ಬ. ನನ್ನ ಮನಸ್ಸಿನಲ್ಲಿದ್ದ ವೆರಾನಿಗೆ ವಿಗ್ ಇತ್ತು, ಕಟುಕನ ಹೊಟ್ಟೆಯಿತ್ತು. ಇವರು ಸಣಕಲು ದೇಹದ, ಕಿವಿ ಸ್ವಲ್ಪ ಮಂದವಾದ ಮುದುಕರು. ಡಬ್ಬವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕೊನೆಗೆ ಅಜ್ಜಿಗೆ ಕೊಟ್ಟರು. ಅಜ್ಜಿ ಅದನ್ನು ಎದೆಗವಚಿಕೊಂಡು ಬೇರೆ ಕಡೆ ನೋಡಿದಳು.

ಅಜ್ಜ ಹತ್ತಿರ ಹೋಗಿ ಕೈ ಚಾಚಿದ. ವೆರಾ ಕೈ ಕುಲುಕಿದರು. ಮೊಣಕಾಲು ಹೇಗಿದೆ ಎಂದು ಕೇಳಿದರು. ಅಜ್ಜ ಎಡಗಾಲಿನದು ಹೋಗಿದೆ ಎಂದ. ತನಗೆ ಎರಡೂ ಹೋಗಿವೆ ಎಂದರು ಅವರು. ಅಷ್ಟೇ ಮಾತು.

ಲಿಸಾಂದ್ರೊ ಮೈಕು ಹಿಡಿದು ವೆರಾಗೆ ಆಟ ವಿವರಿಸಿದ: ಚೆಂಡು ಬರುತ್ತದೆ, ನೀವು ಬೀಳಬೇಕು, ಬಿದ್ದು ಆ ಮಾತು ಕೂಗಬೇಕು. ಅನ್ಸೆಲ್ಮೊ ತನ್ನ ವಿಗ್ಗನ್ನು ಅವರ ತಲೆಗೆ ಇಡಲು ಹೋದ. ವೆರಾ ಅದನ್ನು ಮೆಲ್ಲಗೆ ತೆಗೆದು ಅವನ ಕೈಗೇ ಕೊಟ್ಟರು.

"ಬೀಳ್ತೀನಿ ಮಗ, ಅದಕ್ಕೇನು. ಆ ಮಾತು ಮಾತ್ರ ಬೇಡ. ಅದನ್ನ ಬೇಕಾದಷ್ಟು ಸಲ ಹೇಳಿ ಆಗಿದೆ."

ಜನ ಚಪ್ಪಾಳೆ ತಟ್ಟಿದರು. ಮುದುಕ ಒಳ್ಳೆಯ ಆಟಗಾರ ಎಂದು ಯಾರೋ ಹೇಳಿದ್ದು ಕೇಳಿಸಿತು. ವೆರಾ ಯಾಕೆ ಬಂದರೋ ನನಗೆ ಆಗ ಅರ್ಥವಾಗಿರಲಿಲ್ಲ. ಇಷ್ಟು ವರ್ಷ ಆದ ಮೇಲೆ ಕರೆದಿದ್ದಾರೆಂದರೆ ಏನೋ ಹೇಳಲಿಕ್ಕೇ ಕರೆದಿರಬೇಕು ಎಂದುಕೊಂಡಿದ್ದರೋ ಏನೋ. ಅದಕ್ಕೇ ಆ ಇಸ್ತ್ರಿ.

ಚೆಂಡು ಬಂತು. ವೆರಾ ಬಿದ್ದರು. ಬಿದ್ದರು ಎನ್ನುವುದಕ್ಕಿಂತ, ಮಂಚದ ಕೆಳಗೆ ಏನೋ ಹುಡುಕಲು ಕೂರುವವರ ಹಾಗೆ ಮೊದಲು ಒಂದು ಮೊಣಕಾಲು ಊರಿದರು, ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು. ಅಂಗಿ ಮಣ್ಣಾಗದಂತೆ ಎದೆಯನ್ನು ಮೇಲಕ್ಕೆ ಹಿಡಿದಿದ್ದರು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಬೆಳಿಗ್ಗೆ ಅಜ್ಜಿಯ ಬಾಯಿಂದ ಎಲ್ಲ ಕೇಳಿದ್ದವಳು, ಆ ನಗು ನನ್ನ ಬಾಯಿಂದ ಹೇಗೆ ಹೊರಟಿತೋ ಗೊತ್ತಿಲ್ಲ. ಬೆಚ್ಚಿ ಕೈಯಿಂದ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ಅಜ್ಜಿ ತಲೆ ತಗ್ಗಿಸಿದ್ದಳು.

ಅಜ್ಜ ಅಲ್ಲಾಡಿರಲಿಲ್ಲ. ಚೆಂಡು ಅವನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಅವನು ಹಾಸಿಗೆಯನ್ನು ದಾಟಿ ಹೋಗಿ ವೆರಾರನ್ನು ಎಬ್ಬಿಸಿದ, ಅವರ ಮಂಡಿಯ ಧೂಳು ತಟ್ಟಿದ.

"ಹೀಗಲ್ಲ," ಎಂದ. "ನೀವು ನನ್ನ ಮುಂದೆ ನಿಲ್ಲಿ. ಗೋಲಿನ ಕಡೆ ಮುಖ ಮಾಡಿ."

ವೆರಾ ನಿಂತರು. ಅಜ್ಜ ಅವರ ಹಿಂದೆ ನಿಂತು ಬಲಗೈಯನ್ನು ಅವರ ಬೆನ್ನಿನ ಮೇಲಿಟ್ಟ. ತಳ್ಳಲಿಲ್ಲ, ಸುಮ್ಮನೆ ಇಟ್ಟ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಈ ಕೈ ಇಲ್ಲಿತ್ತು. ನಾನು ತಳ್ಳಿದೆ."

ಜನ ಇನ್ನೂ ಜೋರಾಗಿ ನಕ್ಕರು. ಕೊಕ್ಕರೆ ವೆರಾನ ಮಾತನ್ನೇ ಕದ್ದ ಎಂದು ಕೂಗಿದರು. ಇಬ್ಬರು ಮುದುಕರೂ ಸೇರಿ ಹೊಸ ತಮಾಷೆ ಮಾಡುತ್ತಿದ್ದಾರೆಂದು ತಿಳಿದರು. ಅಜ್ಜ ನಗು ನಿಲ್ಲುವ ತನಕ ಕಾದ. ಮತ್ತೆ ಅದೇ ಮಾತು ಹೇಳಿದ. ಈ ಸಲ ಮುಂದೆ ಕೂತವರು ನಗಲಿಲ್ಲ. ಮೂರನೆಯ ಸಲವೂ ಹೇಳಿದ. ಕೆಂಡದ ಮೇಲೆ ಕೊಬ್ಬು ಚಿಟಗುಟ್ಟುವುದೊಂದೇ ಕೇಳುತ್ತಿತ್ತು.

ವೆರಾ ತಿರುಗಲಿಲ್ಲ. ಗೋಲಿನ ಕಡೆಗೇ ನೋಡುತ್ತಾ ಹೇಳಿದರು.

"ಅಲ್ಲಲ್ಲ. ಇನ್ನೂ ಸ್ವಲ್ಪ ಮೇಲೆ."

ಅಜ್ಜ ಕೈಯನ್ನು ಮೇಲಕ್ಕೆ ಸರಿಸಿದ, ಎರಡು ಹೆಗಲೆಲುಬುಗಳ ನಡುವಿಗೆ.

"ಹಾಂ, ಅಲ್ಲಿ," ಎಂದರು ವೆರಾ. ಆಮೇಲೆ ಕೇಳಿದರು, "ಆವತ್ತೇ ಯಾಕೆ ಹೇಳಲಿಲ್ಲ?"

"ಹೆಗಲ ಮೇಲೆ ಹೊತ್ಕೊಂಡುಬಿಟ್ಟಿದ್ರು ನನ್ನ. ಇಳಿಸಿದ ಮೇಲೆ ಹೇಳೋಣ ಅಂತಿದ್ದೆ."

"ಇಳಿಯೋಕೆ ಬಹಳ ಹೊತ್ತು ತಗೊಂಡಿರಿ."

ಹಿಂದಿನಿಂದ ಯಾರೋ, ಸಾಕು ಮಾಡೋ ಮುದುಕ, ಹಬ್ಬ ಹಾಳು ಮಾಡಬೇಡ ಎಂದರು. ಲಿಸಾಂದ್ರೊ ಮೈಕು ಆರಿಸಿ, ತಂತಿಯನ್ನು ಸುರುಳಿ ಸುತ್ತಲು ಶುರು ಮಾಡಿದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಅನ್ಸೆಲ್ಮೊ ವಿಗ್ಗನ್ನು ಎಲ್ಲಿಡುವುದೆಂದು ತಿಳಿಯದೆ ಅಂಗಿಯೊಳಗೆ ತುರುಕಿಕೊಂಡ.

ಮಾಂಸ ಬೆಂದಿತ್ತು, ಬಡಿಸಲೇಬೇಕಿತ್ತು. ವೆರಾರನ್ನು ಉದ್ದ ಮೇಜಿನ ತಲೆಯಲ್ಲಿ ಕೂರಿಸಿದರು. ಅನ್ಸೆಲ್ಮೊನೇ ಒಳ್ಳೆಯ ತುಂಡು ಆರಿಸಿ ಅವರ ತಟ್ಟೆಗೆ ಹಾಕಿದ, ಮುಖ ನೋಡದೆ. ಇನ್ನೊಬ್ಬರು ವೈನ್ ಸುರಿದರು, ಮತ್ತೊಬ್ಬರು ಬ್ರೆಡ್ ತಂದರು. ಅವರು ಉಪ್ಪು ಕೇಳಿದಾಗ ನಾಲ್ಕಾರು ಕೈಗಳು ಒಟ್ಟಿಗೆ ಚಾಚಿದವು. ಅವರು ನಿಧಾನವಾಗಿ, ಚೆನ್ನಾಗಿ ಅಗಿದು ಉಂಡರು. ಊರೆಲ್ಲ ಅವರ ಬಾಯನ್ನೇ ನೋಡುತ್ತಿತ್ತು. ಏನಾದರೂ ಒಂದು ಒಳ್ಳೆಯ ಮಾತು, ಹಳೆಯದು ಬಿಡಿ ಎಂದೋ, ಆಟದಲ್ಲಿ ಇದ್ದದ್ದೇ ಎಂದೋ ಹೇಳಿದರೆ ಎಲ್ಲರೂ ಮತ್ತೆ ಉಸಿರಾಡಬಹುದಿತ್ತು. ಅವರು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ.

ಅಜ್ಜ ಮೇಜಿನ ಇನ್ನೊಂದು ತುದಿಯಲ್ಲಿದ್ದ. ಅವನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು. ಅವನ ಮುಂದೆ ಯಾರೂ ತಟ್ಟೆ ಇಡಲಿಲ್ಲ. ಅಜ್ಜಿ ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದು ತನ್ನ ತಟ್ಟೆ ಹಿಡಿದು ಅವನ ಪಕ್ಕಕ್ಕೆ ಹೋದಳು. ಇಬ್ಬರೂ ತಿನ್ನಲಿಲ್ಲ.

ವೆರಾ ಬಾಯಿ ಒರೆಸಿಕೊಂಡು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಅಜ್ಜ ಕೂಡಲೇ ಎದ್ದು ನಿಂತ, ನಿಲ್ದಾಣದ ತನಕ ತಾನು ಬರುತ್ತೇನೆಂದ.

"ಬೇಡ, ಬೆರ್ತೋನಿಯವರೆ. ದಾರಿ ಗೊತ್ತು. ಆವತ್ತೂ ಒಬ್ಬನೇ ಹೋಗಿದ್ದೆ."

ಅದನ್ನು ಕೋಪದಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಎಲ್ಲರಿಗೂ ಒಟ್ಟಿಗೆ ತಲೆಬಾಗಿ, ನದಿಯ ಪಕ್ಕದ ಮಣ್ಣುದಾರಿ ಹಿಡಿದರು. ಅವರು ಗೇಟು ದಾಟುವಾಗ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವರಿಗೆ ಅದು ಕಾಣಲಿಲ್ಲ. ಬೆನ್ನು ನಮ್ಮ ಕಡೆಗಿತ್ತು. ಅಜ್ಜ ಮಾತ್ರ ನಿಲ್ಲುವುದೋ ಕೂರುವುದೋ ತಿಳಿಯದೆ, ಮೇಜಿಗೆ ಕೈಯೂರಿ, ಅರ್ಧ ಎದ್ದವನು ಹಾಗೇ ಉಳಿದುಬಿಟ್ಟ.