ತಗಡಿನವರಿಗೆ ಏಳು ನಿಮಿಷ

ಇದರ ಹಿಂದೆ ಯಾರೋ ಇದ್ದಾರೆ. ಇಲ್ಲದಿದ್ದರೆ ಕಾಫಿ ಕುಯ್ಯುವ ನಾಲ್ಕು ಹೆಂಗಸರಿಗೆ ಪ್ರಯೋಗಶೀಲ ಸಂಗೀತೋತ್ಸವಕ್ಕೆ ಅರ್ಜಿ ಹಾಕಬಹುದೆಂದು ಗೊತ್ತಾದದ್ದಾದರೂ ಹೇಗೆ? ಶ್ರೀಮಂಗಲ ದಾಟಿ ಎಸ್ಟೇಟಿನ ಮಣ್ಣುದಾರಿಗೆ ಜೀಪು ಹೊರಳುವಾಗಲೂ ಧರ್ಮೇಂದ್ರ ಅದನ್ನೇ ಯೋಚಿಸುತ್ತಿದ್ದ.

ಅವನು ಕಲಾ ಪ್ರೋತ್ಸಾಹ ಕಚೇರಿಯ ಅಧಿಕಾರಿ. ಹೊಸ ಬಗೆಯ ಸಂಗೀತವನ್ನು ಮುಂದೆ ತನ್ನಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಜಿಲ್ಲೆಗೊಂದೇ ತಂಡ, ಆರಿಸುವವನು ಅವನೊಬ್ಬನೇ. ಹೋದ ವರ್ಷ, ಗರಗಸದ ಮೇಲೆ ಕಮಾನು ಎಳೆದು ನುಡಿಸುವ ಒಬ್ಬ ಬಡಗಿ ಮನಸ್ಸಿಗೆ ಹಿಡಿಸಿ, ಅವನನ್ನು ವೇದಿಕೆ ಹತ್ತಿಸಿದ್ದ. ಸಭೆ ನಕ್ಕಿತು. ಮೇಲಧಿಕಾರಿ ನಕ್ಕರು. ಧರ್ಮೇಂದ್ರನೂ ನಕ್ಕ. ತನ್ನ ಆ ನಗುವನ್ನು ನೆನೆದರೆ ಈಗಲೂ ಅವನಿಗೆ ಹೇಸಿಗೆಯಾಗುತ್ತಿತ್ತು.

ಕೂಲಿಯವರ ಲೈನ್ ಮನೆಗಳ ಅಂಗಳದಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೀಪಕ್ ಕುರ್ಚಿ ಹಾಕಿಸಿದ್ದ. ಅರ್ಜಿ ಬರೆದುಕೊಟ್ಟವನು ತಾನೇ ಎಂದು ಅವನಾಗಿಯೇ ಒಪ್ಪಿಕೊಂಡ. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಧರ್ಮೇಂದ್ರನಿಗೆ ಸರಿಬರಲಿಲ್ಲ. ಮಾಲೀಕರ ಹೋಂಸ್ಟೇಗೆ ಪ್ರಚಾರವೋ? ಕಚೇರಿಯವರೇ ತನ್ನನ್ನು ಇನ್ನೊಮ್ಮೆ ನಗೆಪಾಟಲು ಮಾಡಲು ಹೂಡಿದ ಆಟವೋ?

ತಂಡದ ಹಿರಿಯಳು ಮುದ್ದಿ. ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು, ಆನೆ ಇದ್ದರೆ ಸರಿದುಹೋಗಲಿ ಎಂದು ತಗಡಿನ ಡಬ್ಬ ಬಡಿಯುವುದು ಇವರ ವಾಡಿಕೆ. ವರ್ಷಗಟ್ಟಲೆ ಬಡಿದು ಬಡಿದು ಅದಕ್ಕೊಂದು ನಡೆ ಬಂದಿತ್ತು. ಈಗ ಅವನೆದುರು ಬಡಿಯುವಾಗಲೂ ಒಬ್ಬಳು ಬಿಟ್ಟ ಪೆಟ್ಟನ್ನು ಇನ್ನೊಬ್ಬಳು ಹಿಡಿಯುತ್ತಿದ್ದಳು. ಧರ್ಮೇಂದ್ರನ ಮೈ ಜುಮ್ಮೆಂದಿತು. ತಕ್ಷಣ ಅವನು ದೀಪಕನ ಮುಖ ನೋಡಿದ, ನಗುತ್ತಿದ್ದಾನೆಯೇ ಎಂದು.

ಆಮೇಲೆ ನಾಲ್ವರೂ ಒಟ್ಟಿಗೆ ನಿಲ್ಲಿಸಿದರು. ಅರ್ಧ ನಿಮಿಷ ಕಳೆಯಿತು. ಒಂದು ನಿಮಿಷವಾಯಿತು. ಯಾರೂ ಅಲುಗಲಿಲ್ಲ. ಇಷ್ಟು ತುಂಬಿದ ಮೌನವನ್ನು ಅವನು ಎಂದೂ ಕೇಳಿರಲಿಲ್ಲ. ಅಳು ಬರುವ ಹಾಗಾಯಿತು. ಅದನ್ನು ಮುಚ್ಚಿಕೊಳ್ಳಲು ಕೇಳಿದ.

“ಮುಗೀತಾ?”

“ಇಲ್ಲ ಸಾರ್,” ಎಂದಳು ಮುದ್ದಿ. “ಈಗ ಕೇಳೋದು.”

“ಏನನ್ನ?”

“ಆನೆ ಉಂಟಾ, ಹೋಯ್ತಾ ಅಂತ. ಬಿಡದೆ ಬಡಿದ್ರೆ ಬೆನ್ನ ಹಿಂದೆ ಬಂದ್ರೂ ಗೊತ್ತಾಗೋದಿಲ್ಲ.”

ಸಂಗೀತ ಇರುವುದೇ ಈ ಮೌನದಲ್ಲಿ ಎಂದು ಅವನಿಗೆ ತಿಳಿಯಿತು. ತಿಳಿದದ್ದರಿಂದಲೇ ಭಯವಾಯಿತು. ಸಾವಿರ ಜನರ ಮುಂದೆ ಈ ಒಂದು ನಿಮಿಷ. ಯಾರೋ ಒಬ್ಬ ಸೀಟಿ ಹಾಕುತ್ತಾನೆ. ಮೇಲಧಿಕಾರಿ ತಿರುಗಿ ತನ್ನತ್ತ ನೋಡುತ್ತಾರೆ.

ವೇದಿಕೆಯಲ್ಲಿ ಸಿಗುವುದು ಏಳೇ ನಿಮಿಷ, ನಡುವೆ ನಿಲ್ಲಿಸುವ ಹಾಗಿಲ್ಲ ಎಂದ. ನಿಯಮವೇ ಹಾಗಿದೆ ಎಂದೂ ಸೇರಿಸಿದ. ಅಂಥ ನಿಯಮ ಇರಲಿಲ್ಲ. ಮುದ್ದಿ ಜಗಳ ಆಡಲಿ, ಆಗುವುದಿಲ್ಲ ಅನ್ನಲಿ ಎಂದು ಒಳಗೊಳಗೇ ಹಾರೈಸಿದ. ಅವಳು ಸೆರಗು ಬಿಗಿದುಕೊಂಡಳು, ಅಷ್ಟೇ.

“ನೀವು ಹೇಳಿದ ಹಾಗೆ ಸಾರ್. ಹೊತ್ತಾದಾಗ ಕೈ ಎತ್ತಿ, ಆಗ ನಿಲ್ಲಿಸ್ತೇವೆ.”

ಇಷ್ಟು ಬೇಗ ಒಪ್ಪಿದ್ದೇಕೆ? ಇದರಲ್ಲೂ ಏನೋ ಇದೆ ಅನ್ನಿಸಿತು. ನಾಲ್ವರೂ ತೋಟಕ್ಕೆ ಬೆನ್ನು ಹಾಕಿ, ಅವನ ಕೈಯನ್ನೇ ನೋಡುತ್ತ ಬಡಿಯತೊಡಗಿದರು. ದೀಪಕ್ ಮೊಬೈಲಿನಲ್ಲಿ ಅವರ ವಿಡಿಯೋ ಹಿಡಿಯುತ್ತಿದ್ದ. ಒಂದು ನಿಮಿಷಕ್ಕೆಲ್ಲ ಅದು ಬರೀ ಸದ್ದಾಯಿತು. ಈ ಸದ್ದಿಗೆ ಯಾರೂ ನಗುವುದಿಲ್ಲ, ಚಪ್ಪಾಳೆ ಖಂಡಿತ. ಧರ್ಮೇಂದ್ರ ಕೂತಲ್ಲೇ ಶಿಫಾರಸು ಬರೆದು ಸಹಿ ಹಾಕಿದ.

ತಲೆ ಎತ್ತಿದಾಗ ಏಳು ನಿಮಿಷ ದಾಟಿತ್ತು. ಹೆಂಗಸರ ಹಿಂದೆ, ಕಾಫಿ ಸಾಲಿನಲ್ಲಿ ಒಂದು ಗಿಡ ಅಲುಗಿತು. ಗಾಳಿ ಇರಲಿಲ್ಲ. ಅದಕ್ಕಿಂತ ಈಚೆಯ ಗಿಡವೂ ಅಲುಗಿತು. ಕೈ ಎತ್ತಿದರೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಎಲ್ಲರೂ ಕೇಳಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಏನೂ ಇಲ್ಲದೆ ಹೋದರೆ ದೀಪಕ್ ನಗಬಹುದು. ಧರ್ಮೇಂದ್ರನ ಕೈ ತೊಡೆಯ ಮೇಲೆ, ಕಾಗದದ ಮೇಲೆ, ಇನ್ನಾರದ್ದೋ ಎಂಬಂತೆ ಬಿದ್ದುಕೊಂಡಿತ್ತು. ಎಂಟು ಕಣ್ಣುಗಳು ಅದನ್ನೇ ನೋಡುತ್ತಿದ್ದವು.